ಹಬ್ಬದ ಮನೆಯಲ್ಲಿ ದೊಡ್ಡಮ್ಮ ಅತ್ತದ್ದು

ನಮ್ಮ ದೊಡ್ಡಮ್ಮ ಪಿಳ್ಳಮ್ಮನಷ್ಟು ಚೆನ್ನಾಗಿ ಅಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಟ್ಟೂರಿನಲ್ಲಿ ಯಾರೇ ತೀರಿಕೊಂಡರೂ ಆ ಮನೆಯವರು ಬೀದಿಯ ಕಡೆ ನೋಡಿ ಮೊದಲು ಕೇಳುತ್ತಿದ್ದ ಮಾತು, ‘ಪಿಳ್ಳಮ್ಮ ಬಂದ್ಲಾ?’ ಅವಳು ಬರುವವರೆಗೆ ಉಳಿದ ಹೆಂಗಸರು ಸುಮ್ಮನೆ ಮೂಗೊರೆಸಿಕೊಂಡು ಕೂತಿರುತ್ತಿದ್ದರು. ಬಂದಳೆಂದರೆ ಮನೆಗೆ ಮನೆಯೇ ಬಾಯಿ ಬಿಡುತ್ತಿತ್ತು.

ಅವಳದು ಬರೀ ಕಣ್ಣೀರಿನ ಅಳುವಲ್ಲ, ಹಾಡಿಕೊಂಡು ಅಳುವುದು. ಬೀದಿಯ ತಿರುವಿನಲ್ಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೇಟಿನ ಹತ್ತಿರ ಬರುತ್ತಲೇ ಒಂದು ಕೈ ತಲೆಯ ಮೇಲಿಟ್ಟು ಶುರು ಮಾಡುತ್ತಿದ್ದಳು. ಹೋದವರು ಏನು ತಿನ್ನುತ್ತಿದ್ದರು, ಯಾರನ್ನು ಹೇಗೆ ಬೈಯುತ್ತಿದ್ದರು, ಎಲ್ಲವೂ ಸಾಲುಸಾಲಾಗಿ ಬರುತ್ತಿತ್ತು. ನಮ್ಮ ಬೀದಿಯ ಚಿಕ್ಕಮುನಿಯಪ್ಪ ಮಹಾ ಜಿಪುಣ, ಹಿತ್ತಲ ಸೀಬೆ ಮರಕ್ಕೆ ಕಾವಲು ಕೂತೇ ಆಯಸ್ಸು ಕಳೆದವನು. ಅವನು ಸತ್ತ ದಿನ ದೊಡ್ಡಮ್ಮ, ‘ಸೀಬೆ ಮರದಡೀಲಿ ಕೋಲ್ ಇಡ್ಕೊಂಡ್ ಕೂತಿರ್ತಿದ್ದಲ್ಲಪ್ಪೋ, ಒಂದ್ ಕಾಯಿ ಮುಟ್ಟಕ್ ಬಿಡ್ಲಿಲ್ವಲ್ಲಪ್ಪೋ, ಇನ್ ನಮ್ ಮಕ್ಕಳ್ನ ಅಟ್ಟಿಸ್ಕೊಂಡ್ ಬರೋರ್ ಯಾರಪ್ಪೋ’ ಎಂದು ಅತ್ತಳು. ಸೊಸೆಯರು ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು, ನಗುತ್ತ ನಗುತ್ತಲೇ ನಿಜವಾಗಿ ಅತ್ತುಬಿಟ್ಟರು.

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು ಬಿಸಿ ಮುದ್ದೆಗೆ ಕೂತಾಗ ಅವಳ ಮುಖದಲ್ಲಿ ಅಳುವಿನ ಗುರುತೇ ಇರುತ್ತಿರಲಿಲ್ಲ. ‘ನಿಜವಾಗ್ಲೂ ದುಃಖ ಆಗತ್ತಾ ದೊಡ್ಡಮ್ಮ, ಇಲ್ಲ ನಾಟಕಾನಾ?’ ಎಂದು ಒಮ್ಮೆ ಕೇಳಿದ್ದೆ.

‘ಬಾಗ್ಲಲ್ಲಿ ನಿಂತ್ಕೊಂಡ್ರೆ ತಾನೇ ಬರ್ತದೆ ಕಣೆ. ಬರ್ದೇ ಇದ್ರೆ ನಮ್ಮವ್ವನ್ನ ನೆನೆಸ್ಕೊಂತೀನಿ’ ಅಂದಳು.

ನಾಚಿಕೆ ಎನ್ನುವುದು ಅವಳ ಹತ್ತಿರ ಸುಳಿದದ್ದನ್ನು ನಾನು ಕಂಡಿರಲಿಲ್ಲ. ನಾನು ಯಲಹಂಕದ ಒಂದು ಶಾಲೆಯಲ್ಲಿ ಇಂಗ್ಲಿಷ್ ಮೇಡಂ. ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಹವಾಯಿ ಚಪ್ಪಲಿಯಲ್ಲೇ ಬಂದು, ಹೆಡ್‌ಮಾಸ್ಟರನ್ನು ಮೇಲಿಂದ ಕೆಳಗೆ ನೋಡಿ, ‘ಏನ್ ಸ್ವಾಮಿ, ಮನೇಲಿ ಇಟ್ಟು ಆಕಲ್ವಾ, ಇಂಗ್ ಒಣಗೋಗಿದೀರಾ?’ ಎಂದು ಎಲ್ಲರೆದುರು ಕೇಳಿದವಳು ಅವಳು. ಅವತ್ತು ನೆಲ ಬಾಯಿ ಬಿಡಬಾರದೇ ಅನ್ನಿಸಿದ್ದು ನನಗೆ, ಅವಳಿಗಲ್ಲ. ಹೆಡ್‌ಮಾಸ್ಟರು ಮಾತ್ರ ಆಮೇಲೆ ವರ್ಷವರ್ಷವೂ, ‘ನಿಮ್ಮ ದೊಡ್ಡಮ್ಮ ಬರಲ್ವಾ?’ ಎಂದು ವಿಚಾರಿಸುತ್ತಿದ್ದರು.

ದೊಡ್ಡಮ್ಮನ ಮನೆಯ ಹೊಲವೆಲ್ಲ ಲೇಔಟ್ ಆದ ಮೇಲೆ ಅವಳ ಮಗ ಮುನಿರಾಜ ಹಳೇ ಮನೆ ಕೆಡವಿ ಹೊಸದು ಕಟ್ಟಿಸಿ, ಮೇಲೆ ಬಾಡಿಗೆಗೆ ಎರಡು ರೂಮು ಹಾಕಿಸಿದ್ದ. ನಾನಿರುವುದು ಪಕ್ಕದ ಬೀದಿಯಲ್ಲಿ. ಆ ರೂಮಿಗೆ ಒಂದು ಸಲ ಇಥಿಯೋಪಿಯಾದ ಹುಡುಗಿ ಕೇಳಿಕೊಂಡು ಬಂದಳು. ಹೆಬ್ಬಾಳದ ಕಡೆ ಕೃಷಿ ಕಾಲೇಜಿನಲ್ಲಿ ರಾಗಿಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದವಳು. ಹೆಸರು ಅಲ್ಮಾಜ್. ಬೀದಿಯವರು ಮುನಿರಾಜನ ಕಿವಿ ಕಚ್ಚಿದರು, ಅಂಥವರಿಗೆಲ್ಲ ಮನೆ ಕೊಡಬೇಡಿ, ಆಮೇಲೆ ತೊಂದರೆ, ಅಂತ. ಅವನು ಹಿಂದೆಮುಂದೆ ನೋಡುತ್ತಿದ್ದಾಗ ದೊಡ್ಡಮ್ಮ ಹುಡುಗಿಯ ಮುಂದೆಯೇ ಮಗನನ್ನು ತರಾಟೆಗೆ ತೆಗೆದುಕೊಂಡಳು. ‘ಯಾಕೋ, ಬಣ್ಣ ನೋಡ್ತೀಯಾ? ನಿಮ್ ತಾತ ಇವಳಿಗಿಂತ ಕಪ್ಪಗಿದ್ದ. ಅವನ್ನ ಮನೆಯಿಂದ ಆಚೆಗಾಕಿದ್ವಾ?’

ಹೀಗೆ ಅಲ್ಮಾಜ್ ಮೇಲಿನ ರೂಮಿಗೆ ಬಂದಳು. ದೊಡ್ಡಮ್ಮನ ಬಾಯಲ್ಲಿ ವಾರದೊಳಗೆ ಅಲಮೇಲು ಆದಳು. ಹುಡುಗಿ ರಾಗಿ ಹಿಟ್ಟಿಗೆ ಅಕ್ಕಿ ಹಿಟ್ಟು ಬೆರೆಸಿ ಹುಳಿ ಬರಿಸಿ, ತಮ್ಮ ಊರಿನ ಥರ ಅಗಲವಾಗಿ ದೋಸೆ ಹುಯ್ಯುತ್ತಿದ್ದಳು. ದೊಡ್ಡಮ್ಮ ಪಕ್ಕದಲ್ಲಿ ನಿಂತು, ‘ತಿರುವಿ ಆಕ್ದೇ ಇದ್ರೆ ಇನ್ನೊಂದ್ ಕಡೆ ಬೇಯೋದ್ ಎಂಗಮ್ಮ?’ ಎಂದು ಗದರುತ್ತಿದ್ದಳು. ಅವಳಿಗೆ ಕನ್ನಡ ಅಷ್ಟಾಗಿ ಬರದು, ಇವಳಿಗೆ ಇಂಗ್ಲಿಷ್ ಒಂದಕ್ಷರ ಬರದು. ಆದರೂ ಇಬ್ಬರೂ ಬಾಯಿ ಮುಚ್ಚಿದ್ದನ್ನು ನಾನು ನೋಡಲಿಲ್ಲ. ತೀರ ಕಷ್ಟವಾದಾಗ ನನ್ನನ್ನು ಕರೆಯುತ್ತಿದ್ದರು.

ಅಲ್ಮಾಜ್‌ಳ ಊರು ಅವರ ದೇಶದ ಉತ್ತರದ ಕಡೆ. ಅವಳು ಬಂದು ವರ್ಷ ತುಂಬುವ ಮೊದಲೇ ಅಲ್ಲಿ ಯುದ್ಧ ಶುರುವಾಯಿತು. ಮೊದಲು ಬ್ಯಾಂಕು ಮುಚ್ಚಿತು, ಆಮೇಲೆ ಫೋನು ಸತ್ತುಹೋಯಿತು. ಊರಿನಲ್ಲಿದ್ದವಳು ತಾಯಿಯೊಬ್ಬಳೇ. ಇದ್ದಾಳೋ ಇಲ್ಲವೋ ಹೇಳುವವರು ಯಾರೂ ಇರಲಿಲ್ಲ. ಹುಡುಗಿ ಮೊಬೈಲು ಹಿಡಿದುಕೊಂಡೇ ಮೆಟ್ಟಿಲು ಇಳಿಯುತ್ತಿದ್ದಳು, ಹಿಡಿದುಕೊಂಡೇ ಹತ್ತುತ್ತಿದ್ದಳು. ದೊಡ್ಡಮ್ಮ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಿರುವಾಗ ಅವಳು ಕಾಲೇಜಿಗೆ ಹೊರಡುವಳು. ಇವಳು ಹೆಬ್ಬೆರಳು ಕಿರುಬೆರಳು ಚಾಚಿ ಕಿವಿಗಿಟ್ಟುಕೊಂಡು, ‘ಬಂತಾ?’ ಅನ್ನುವಳು. ಅವಳು, ‘ಇಲ್ಲ ಅಮ್ಮ.’ ದಿನವೂ ಇಷ್ಟೇ ಮಾತು. ಹುಡುಗಿ ಗೇಟು ದಾಟಿದ ಮೇಲೆ ದೊಡ್ಡಮ್ಮ ಚೊಂಬು ಹಿಡಿದುಕೊಂಡು ಹಾಗೇ ನಿಂತಿರುತ್ತಿದ್ದಳು.

ಆ ಚಳಿಗಾಲದಲ್ಲಿ ಅಲ್ಮಾಜ್ ಬಾಡು ಬಿಟ್ಟಳು, ಮೊಟ್ಟೆ ಬಿಟ್ಟಳು, ಕೊನೆಗೆ ಕಾಫಿಗೆ ಹಾಲೂ ಬೇಡವೆಂದಳು. ದೊಡ್ಡಮ್ಮ ಕೊಟ್ಟುಕಳಿಸಿದ ಕೋಳಿ ಸಾರು ಪಾತ್ರೆ ಸಮೇತ ವಾಪಸು ಬಂತು. ಅದು ಅವರ ಕ್ರಿಸ್‌ಮಸ್ಸಿನ ಮುಂಚಿನ ಉಪವಾಸ ಎಂದು ನಮಗೆ ಯಾರಿಗೂ ತಿಳಿಯದು. ನಮ್ಮ ಬೀದಿಯ ಕ್ರಿಸ್‌ಮಸ್ ನಕ್ಷತ್ರಗಳನ್ನು ಇಳಿಸಿ ಪೆಟ್ಟಿಗೆಗೆ ಹಾಕಿ ಆಗಿತ್ತು, ಎಲ್ಲರೂ ಸಂಕ್ರಾಂತಿಗೆ ಎಳ್ಳು ಹುರಿಯುವ ಯೋಚನೆಯಲ್ಲಿದ್ದರು. ಅವರ ಕ್ರಿಸ್‌ಮಸ್ ಜನವರಿಯಲ್ಲಿ ಬರುತ್ತದೆಂದು ಯಾರಿಗೆ ಗೊತ್ತು? ‘ತಾಯಿ ಚಿಂತೇಲಿ ಊಟ ಬಿಟ್ಟವ್ಳೆ ಕಣೆ’ ಎಂದು ದೊಡ್ಡಮ್ಮ ನನ್ನ ಹತ್ತಿರ ಮರುಗಿದಳು.

ಆ ಹಬ್ಬದ ಹಿಂದಿನ ದಿನ ಅಲ್ಮಾಜ್ ಕೆಳಗೆ ಬಂದು, ‘ನಾಳೆ ಕಾಫಿ, ಮೇಲೆ ಬನ್ನಿ ಅಮ್ಮ’ ಎಂದು ಕರೆದೂ ಹೋಗಿದ್ದಳು. ದೊಡ್ಡಮ್ಮ ಆಯ್ತು ಅಂದಿದ್ದಳು. ಕಾಫಿಗೆ ಕರೆಯುವುದು ಹಬ್ಬಕ್ಕೆ ಕರೆಯುವುದೆಂದು ಅವಳಿಗೆ ಹೊಳೆಯಲಿಲ್ಲ. ನಮ್ಮಲ್ಲಿ ಹಬ್ಬಕ್ಕೆ ಕರೆಯುವವರು ಊಟಕ್ಕೆ ಬನ್ನಿ ಎನ್ನುತ್ತಾರೆ.

ಮಾರನೆಯ ಬೆಳಿಗ್ಗೆ ನನಗೆ ಫೋನು ಬಂತು. ದೊಡ್ಡಮ್ಮನ ಗಂಟಲು ಆಗಲೇ ಒಡೆದಿತ್ತು.

‘ಅಲಮೇಲು ತಾಯಿ ಓಗ್ಬಿಟ್ಲು ಕಣೆ ಸುಧಾ. ಫ್ಲಾಸ್ಕಲ್ಲಿ ಕಾಫಿ ತುಂಬ್ಕೊಂಡ್ ಬೇಗ ಬಾ.’

‘ಅಯ್ಯೋ! ಯಾರ್ ಹೇಳಿದ್ರು?’

‘ಏಳೋದೇನೆ? ನಂಗೆ ಕಣ್ಣಿಲ್ವಾ?’

ಅವಳ ಕಣ್ಣು ಕಂಡದ್ದೇನೆಂದು ಆಮೇಲೆ ತಿಳಿಯಿತು. ಬೆಳಗಾಗುತ್ತಲೇ ಎರಡು ಆಟೋದಲ್ಲಿ ಅಲ್ಮಾಜ್‌ಳ ಊರಿನ ಕಡೆಯ ಗೆಳೆಯ ಗೆಳತಿಯರು ಬಂದಿಳಿದಿದ್ದರು. ಎಲ್ಲರೂ ಬಿಳಿ ಬಟ್ಟೆ. ಹೆಂಗಸರು ಬಿಳಿ ಸೆರಗನ್ನು ತಲೆ ತುಂಬ ಹೊದ್ದಿದ್ದರು. ಯಾವುದೋ ಚರ್ಚಿನಲ್ಲಿ ರಾತ್ರಿಯೆಲ್ಲ ಪ್ರಾರ್ಥನೆಗೆ ನಿಂತು ಬಂದವರು, ಕಣ್ಣು ಕೆಂಪಗಿತ್ತು, ಯಾರೂ ಮಾತಾಡದೆ ಮೆಟ್ಟಿಲು ಹತ್ತಿದರು. ಒಬ್ಬನ ತೋಳಿನಲ್ಲಿ ಉದ್ದುದ್ದ ಹಸಿ ಹುಲ್ಲಿನ ಕಂತೆ. ಸ್ವಲ್ಪ ಹೊತ್ತಿಗೆ ಮೇಲಿಂದ ಸಾಂಬ್ರಾಣಿ ಹೊಗೆ ಇಳಿಯತೊಡಗಿತು. ಬಿಳಿ ಬಟ್ಟೆ, ತಲೆಯ ಮೇಲೆ ಮುಸುಕು, ದರ್ಭೆ, ಹೊಗೆ. ಅಟ್ಟೂರಿನಲ್ಲಿ ಹುಟ್ಟಿ ಅಟ್ಟೂರಿನಲ್ಲೇ ಮುದುಕಿಯಾದ ಹೆಂಗಸಿಗೆ ಇನ್ನೇನು ಬೇಕು?

ಹೋಗಿ ಕೇಳಬಹುದಿತ್ತು ಎಂದು ಈಗ ಯಾರಾದರೂ ಹೇಳಬಹುದು. ನಮ್ಮ ಕಡೆ ಸಾವಿನ ಮನೆಗೆ ಹೋಗಿ ಏನಾಯಿತು, ಯಾವಾಗ ಆಯಿತು ಅಂತ ವಿಚಾರಿಸಿಕೊಂಡು ನಿಲ್ಲುವುದು ದೊಡ್ಡ ಅವಮರ್ಯಾದೆ. ಮೊದಲು ಅಳಬೇಕು, ವಿಚಾರಣೆ ಆಮೇಲೆ. ನಾನು ಹೋಗುವಷ್ಟರಲ್ಲಿ ದೊಡ್ಡಮ್ಮ ಬೀದಿಯ ನಾಲ್ಕು ಹೆಂಗಸರನ್ನು ಕೂಡಿಸಿಕೊಂಡು ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಫ್ಲಾಸ್ಕು ಹಿಡಿದುಕೊಂಡು ನಾನೂ ಹಿಂದೆ ಸೇರಿಕೊಂಡೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಅಕ್ಕಪಕ್ಕದವರೇ ಕಾಫಿ ಒಯ್ಯಬೇಕು.

ಮೆಟ್ಟಿಲ ಅರ್ಧಕ್ಕೆ ಬಂದಾಗ ಮೇಲೆ ಯಾರೋ ನಕ್ಕ ಹಾಗೆ ಕೇಳಿಸಿತು. ಆದರೆ ದೊಡ್ಡಮ್ಮ ಆಗಲೇ ರಾಗ ಎತ್ತಿಕೊಂಡಿದ್ದಳು.

‘ಏಳು ಸಮುದ್ರದಾಚೆ ಮಗಳ್ನ ಕಳಿಸಿ ದಾರಿ ಕಾಯ್ತಿದ್ಯಲ್ಲ ನನ್ನವ್ವಾ, ಫೋನ್ ಮಾಡ್ತಾಳೆ ಅಂತ ಕಾದೂ ಕಾದೂ ಕಣ್ಮುಚ್ಚಿದ್ಯಲ್ಲ ನನ್ನವ್ವಾ, ಮಗಳ ಮುಖ ನೋಡ್ದೇ ಎಂಗ್ ಓದೆ ನನ್ನವ್ವಾ...’

ಹಿಂದಿನ ನಾಲ್ವರೂ ದನಿಗೂಡಿಸಿದರು. ಬಾಗಿಲು ತೆರೆದೇ ಇತ್ತು. ನೆಲದ ತುಂಬ ಹಸಿರು ಹುಲ್ಲು ಹರಡಿತ್ತು. ನಡುವೆ ಸಣ್ಣ ಇದ್ದಿಲ ಒಲೆಯ ಮುಂದೆ ಅಲ್ಮಾಜ್ ಕೂತು ಬಾಣಲೆಯಲ್ಲಿ ಕಾಫಿ ಬೀಜ ಹುರಿಯುತ್ತಿದ್ದಳು. ಬಿಳಿ ಉಡುಪಿಗೆ ಕೆಂಪು ಹಸಿರಿನ ಅಂಚು, ಕಿವಿಯಲ್ಲಿ ದೊಡ್ಡ ಓಲೆ. ಹಾಗೆ ಸಿಂಗರಿಸಿಕೊಂಡದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಒಂದು ಕಡೆ ಕೋಳಿ ಸಾರಿನ ಪಾತ್ರೆ, ತಟ್ಟೆಯಲ್ಲಿ ಅರಳಿಸಿದ ಜೋಳ. ಬಾಗಿಲ ಪಕ್ಕ ಗೋಡೆಗೆ ಒರಗುವಂತೆ ಒಂದು ಮಣೆ ಹಾಕಿ, ಮೇಲೆ ಬಟ್ಟೆ ಮಡಿಸಿಟ್ಟಿದ್ದರು. ಅದು ದೊಡ್ಡಮ್ಮನಿಗೆ ಇಟ್ಟದ್ದು. ಉಳಿದವರೆಲ್ಲ ನೆಲದ ಮೇಲೇ ಕೂತಿದ್ದರು.

ದೊಡ್ಡಮ್ಮನ ಅಳುವಿನಲ್ಲಿ ಅಲ್ಮಾಜ್‌ಗೆ ಅರ್ಥವಾದದ್ದು ಎರಡೇ ಮಾತು, ‘ಅವ್ವ’ ಮತ್ತು ‘ಫೋನ್’. ಬಾಣಲೆ ಅವಳ ಕೈಯಿಂದ ಜಾರಿ ಬೀಜವೆಲ್ಲ ಹುಲ್ಲಿನ ಮೇಲೆ ಚೆಲ್ಲಿತು. ಎದ್ದು ಬಂದು ದೊಡ್ಡಮ್ಮನ ಎರಡೂ ತೋಳು ಹಿಡಿದಳು. ‘ಅಮ್ಮ? ನನ್ನ ಅಮ್ಮ? ಫೋನ್ ಬಂತಾ?’

ದೊಡ್ಡಮ್ಮ ಅವಳನ್ನು ಅಪ್ಪಿಕೊಂಡು ಇನ್ನೂ ಜೋರಾಗಿ ಅತ್ತಳು. ಹುಡುಗಿ ನಿಂತಲ್ಲಿಯೇ ಕುಸಿದಳು. ಕೆಳಮನೆಗೆ ಸುದ್ದಿ ಬಂದಿದೆ, ಹೇಳಲು ಬಂದಿದ್ದಾರೆ ಎಂದು ಅವಳು ತಿಳಿದಳು. ಇನ್ನೇನು ತಿಳಿಯಬೇಕಿತ್ತು ಅವಳು?

ಅದನ್ನು ಬಿಡಿಸಲು ನನಗೆ ಎಷ್ಟು ಹೊತ್ತು ಹಿಡಿಯಿತೋ! ಯಾರೂ ಫೋನು ಮಾಡಿಲ್ಲ, ಯಾವ ಸುದ್ದಿಯೂ ಬಂದಿಲ್ಲ ಎಂದು ಇಂಗ್ಲಿಷಿನಲ್ಲಿ ಕೂಗಿ ಕೂಗಿ ಹೇಳಿದೆ. ಹಾಗಾದರೆ ಇವರು ಯಾಕೆ ಅಳುತ್ತಿದ್ದಾರೆ ಎಂದು ಒಬ್ಬ ಗೆಳೆಯ ಕೇಳಿದ. ನೀವು ಬಿಳಿ ಬಟ್ಟೆ ಹಾಕಿಕೊಂಡಿದ್ದೀರಿ, ಅದಕ್ಕೆ, ಎಂದೆ. ಹೇಳುವಾಗಲೇ ನನ್ನ ಕಿವಿ ಬಿಸಿಯಾಯಿತು. ಆತ ನನ್ನ ಕೈಯ ಫ್ಲಾಸ್ಕನ್ನೂ ನನ್ನ ಮುಖವನ್ನೂ ನೋಡಿ, ‘ಇದು ನಮ್ಮ ಕ್ರಿಸ್‌ಮಸ್’ ಎಂದ. ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಫೋನಿಲ್ಲದ ತಮ್ಮ ತಮ್ಮ ಮನೆಗಳನ್ನು ಒಂದು ದಿನ ಮರೆತು ಹಬ್ಬ ಮಾಡೋಣವೆಂದು ಅವರೆಲ್ಲ ಸೇರಿದ್ದರಂತೆ. ಈಗ ಒಬ್ಬೊಬ್ಬರೂ ಒಂದೊಂದು ಗೋಡೆಗೆ ಮುಖ ಮಾಡಿ ಕೂತು ಅಳುತ್ತಿದ್ದರು. ನಾನು ದೊಡ್ಡಮ್ಮನಿಗೆ ವಿಷಯ ಹೇಳಿದೆ.

‘ಅಬ್ಬಾನಾ?’ ಅಂದಳು. ‘ಅಬ್ಬದ ಮನೇಲಿ ಅತ್ನಾ ನಾನು?’

ಬೀದಿಯ ಹೆಂಗಸರು ನಾಲಿಗೆ ಕಚ್ಚಿಕೊಂಡು ಒಬ್ಬೊಬ್ಬರಾಗಿ ಇಳಿದುಹೋದರು. ದೊಡ್ಡಮ್ಮ ಬಗ್ಗಿ ಚೆಲ್ಲಿದ ಬೀಜವನ್ನು ಹುಲ್ಲಿನಿಂದ ಆರಿಸಲು ಹೋದಳು. ಬಿಸಿ ಬೀಜ, ಬೆರಳು ಸುಟ್ಟಿತು. ಅಲ್ಮಾಜ್ ಅವಳ ಕಡೆ ನೋಡದೆ, ‘ಬೇಡ ಅಮ್ಮ, ಹೋಗಿ’ ಎಂದಳು.

ಕೆಳಗೆ ಬಂದವಳು ಬಚ್ಚಲ ಬಾಗಿಲಲ್ಲಿ ನಿಂತುಬಿಟ್ಟಳು. ಸಾವಿನ ಮನೆಗೆ ಹೋಗಿ ಬಂದರೆ ತಲೆಗೆ ನೀರು ಹಾಕಿಕೊಳ್ಳಬೇಕು. ಸಾವೇ ಆಗಿಲ್ಲ. ಹಾಕಿಕೊಂಡರೆ ಸತ್ತಳೆಂದು ಒಪ್ಪಿಕೊಂಡ ಹಾಗೆ, ಹಾಕಿಕೊಳ್ಳದಿದ್ದರೆ ಅತ್ತು ಬಂದ ಮೈಲಿಗೆ ಮೈಮೇಲೇ ಉಳಿಯಿತು. ಅವಳು ಸ್ನಾನವನ್ನೂ ಮಾಡದೆ ಒಳಕ್ಕೂ ಬರದೆ ಹಿತ್ತಲ ಕಲ್ಲಿನ ಮೇಲೆ ಕೂತಳು. ಸೊಸೆ ತಟ್ಟೆ ತಂದಿಟ್ಟರೆ ಮುಟ್ಟಲಿಲ್ಲ. ದೊಡ್ಡಮ್ಮ ನಾಚಿಕೆಪಟ್ಟದ್ದನ್ನು ನಾನು ಮೊದಲ ಬಾರಿಗೆ ನೋಡಿದೆ. ನೋಡಬಾರದಿತ್ತು ಅನ್ನಿಸಿತು.

ಅಂದಿನಿಂದ ಅಲ್ಮಾಜ್ ಇಳಿಯುವ ಹೊತ್ತಿಗೆ ಇವಳು ಒಳಗೆ ಸೇರಿಕೊಳ್ಳುತ್ತಿದ್ದಳು. ಬಾಗಿಲಿಗೆ ನೀರು ಹಾಕುವ ಕೆಲಸ ಸೊಸೆಯ ಪಾಲಾಯಿತು. ಮನೆಯೊಡತಿಗೆ ತನ್ನ ಮೇಲೆ ಕೋಪ ಬಂದಿದೆ ಎಂದು ಹುಡುಗಿ ಎಣಿಸಿದಳು. ರೂಮು ಬಿಡಬೇಕೇ ಎಂದು ನನ್ನನ್ನು ಕೇಳಿದಳು. ‘ಕೋಪ ಅಲ್ಲ, ನಾಚಿಕೆ’ ಎಂದು ಹೇಳಿದರೆ ಅವಳು ನಂಬಲಿಲ್ಲ. ಬೀದಿಯಲ್ಲೆಲ್ಲ ಗಂಟಲು ಮಾಡಿಕೊಂಡು ತಿರುಗುವ ಹೆಂಗಸಿಗೆ ನಾಚಿಕೆ ಅಂದರೆ ಯಾರು ನಂಬುತ್ತಾರೆ?

ದೊಡ್ಡಮ್ಮನಿಗೆ ಒಂದು ದಾರಿ ತೋರಿಸಿದವನು ಮುನಿರಾಜ, ಅದೂ ತಮಾಷೆಗೆ. ಕಾಗೆ ತಲೆಗೆ ಬಡಿದರೆ ನಮ್ಮ ಕಡೆ ಒಂದು ಪದ್ಧತಿಯಿದೆ. ಬಡಿಸಿಕೊಂಡವರು ಸತ್ತುಹೋದರೆಂದು ದೂರದ ನೆಂಟರಿಗೆ ಹೇಳಿಕಳಿಸುತ್ತಾರೆ. ಅವರು ನಿಜವೆಂದು ನಂಬಿ ಅತ್ತರೆ ಕಂಟಕ ಕಳೆಯಿತು, ಆಯಸ್ಸು ಗಟ್ಟಿಯಾಯಿತು. ಆಮೇಲೆ ಸುಳ್ಳು ಸುದ್ದಿ ಎಂದು ತಿಳಿಸುತ್ತಾರೆ, ಅತ್ತವರು ಬೈದು ನಗುತ್ತಾರೆ. ‘ಅಂಗೇ ಅನ್ಕೋಳಮ್ಮ. ನೀನತ್ತಿದ್ದಕ್ಕೆ ಆಯಮ್ಮನ ಆಯಸ್ಸು ಜಾಸ್ತಿ ಆಯ್ತು ಬಿಡು’ ಎಂದ ಅವನು.

ದೊಡ್ಡಮ್ಮ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸಂಕ್ರಾಂತಿಯ ದಿನ ಎಳ್ಳು ಬೆಲ್ಲ, ಕಬ್ಬಿನ ತುಂಡು, ಬೇಯಿಸಿದ ಅವರೆಕಾಯಿ ತಟ್ಟೆಯಲ್ಲಿಟ್ಟುಕೊಂಡು, ನನ್ನನ್ನು ಮುಂದೆ ಮಾಡಿಕೊಂಡು ಮೇಲೆ ಹೋದಳು. ತಲೆ ಎತ್ತದೆಯೇ ಕಾಗೆಯ ಕಥೆ ಹೇಳಿದಳು. ನಾನು ಇಂಗ್ಲಿಷಿಗೆ ತಿರುಗಿಸಿದೆ. ಅಲ್ಮಾಜ್ ಎರಡು ಸಲ ಹೇಳಿಸಿಕೊಂಡಳು.

‘ಇದು ನಿಜವೇ? ಇಲ್ಲಿ ಎಲ್ಲರೂ ನಂಬುತ್ತಾರಾ?’

‘ಊಂ ಅನ್ನು’ ಎಂದು ದೊಡ್ಡಮ್ಮ ನನ್ನ ಬೆನ್ನು ತಿವಿದಳು. ‘ಎಷ್ಟ್ ಅತ್ರೆ ಅಷ್ಟ್ ಆಯಸ್ಸು ಅಂತ ಏಳು. ನಾನ್ ಏನ್ ಕಮ್ಮಿ ಅತ್ನಾ? ನೂರ್ ವರ್ಷ ಇರ್ತಾಳೆ ಅಂತ ಏಳು.’

ನಾನು ಹೇಳಿದೆ. ಹುಡುಗಿಯ ಮುಖ ಅರಳಿತು. ಆ ಹಬ್ಬದ ದಿನದ ನಂತರ ಅವಳು ನಕ್ಕದ್ದು ಅದೇ ಮೊದಲು. ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು, ಇನ್ನೂ ಸ್ವಲ್ಪ ಅಳಿ ಅಮ್ಮ ಎಂದು ಛೇಡಿಸಿದಳು. ದೊಡ್ಡಮ್ಮನೂ ನಕ್ಕಳು. ನಾನೂ ನಕ್ಕೆ.

ಅಲ್ಮಾಜ್ ಅದನ್ನು ಪೂರ್ತಿಯಾಗಿ ನಂಬಿದಳು. ಓದಿದವಳು, ಗಿಡದ ಬೇರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವಳು. ಬೇರೆ ಏನೂ ಹಿಡಿದುಕೊಳ್ಳಲು ಸಿಗದ ಕಾಲದಲ್ಲಿ ಯಾರಾದರೂ ನಂಬುತ್ತಾರೆ. ಗೆಳೆಯರಿಗೆಲ್ಲ ಹೇಳಿದಳಂತೆ. ಬೆಳಿಗ್ಗೆ ದೊಡ್ಡಮ್ಮ ಮತ್ತೆ ಕಿವಿಗೆ ಕೈಯಿಟ್ಟು ಕೇಳತೊಡಗಿದಾಗ, ‘ಇಲ್ಲ ಅಮ್ಮ. ಆದರೆ ನೀವು ಅತ್ತಿದ್ದೀರಿ’ ಎಂದು ಹೇಳಿ ಗೇಟು ದಾಟುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ದೊಡ್ಡಮ್ಮನ ಮುಖ ಇಳಿಯುತ್ತಿತ್ತು. ಒಂದು ದಿನ ನನ್ನ ಹತ್ತಿರ ಬಾಯಿ ಬಿಟ್ಟಳು.

‘ಕಾಗೆ ಎಲ್ ಬಡೀತೆ ಆಯಮ್ಮನ್ಗೆ? ಕಾಗೆ ಬಡೀದೇ ಇದ್ರೆ ಆ ಲೆಕ್ಕ ನಡೀತದಾ? ನನ್ ಮರ್ವಾದೆ ಉಳಿಸ್ಕೊಳಕ್ಕೆ ಮಗೀಗೆ ಸುಳ್ ಏಳ್ದೆ.’

‘ಅವಳಿಗೆ ಸಮಾಧಾನ ಆಯ್ತಲ್ಲ, ಬಿಡು ದೊಡ್ಡಮ್ಮ.’

‘ಅದಕ್ಕೇ ಕಣೆ ನಾಚ್ಕೆ’ ಎಂದಳು.

ಮಂಗಳವಾರ ಮಂಗಳವಾರ ಊರದೇವತೆಯ ಗುಡಿಗೆ ಹೋಗಿ ಎಣ್ಣೆ ಹಾಕಿ ಬರುತ್ತಿದ್ದಳು. ಅಮ್ಮನ ಮುಂದೆ ಏನು ಬೇಡಿಕೊಳ್ಳುತ್ತೀಯ ಎಂದು ಕೇಳಿದರೆ, ‘ನಾನಾಡಿದ್ ಮಾತು ನಿಜ ಮಾಡು ಅಂತ’ ಎಂದಳು. ಅಲ್ಮಾಜ್‌ಳ ತಾಯಿ ಬದುಕಿರಬೇಕೆಂದು ನಾವೆಲ್ಲ ಬಯಸಿದ್ದೆವು. ದೊಡ್ಡಮ್ಮನ ಬಯಕೆಯಲ್ಲಿ ಮಾತ್ರ ಅವಳ ಸ್ವಂತದ್ದೊಂದು ಪಾಲಿತ್ತು, ಅದೂ ಅವಳಿಗೆ ಚುಚ್ಚುತ್ತಿತ್ತು.

ಫೋನು ಬಂದದ್ದು ಬೇಸಿಗೆ ಕಳೆದು ಒಂದೆರಡು ಮಳೆ ಬಿದ್ದ ಮೇಲೆ. ಭಾನುವಾರ. ದೊಡ್ಡಮ್ಮ ಜಗಲಿಯ ಮೇಲೆ ಸೊಪ್ಪು ಸೋಸುತ್ತಿದ್ದಳು, ನಾನು ಎದುರಿಗೆ ಕೂತಿದ್ದೆ. ಅಲ್ಮಾಜ್ ಮೆಟ್ಟಿಲಿಳಿದು ಬಂದು ದೊಡ್ಡಮ್ಮನ ಪಕ್ಕ ಕೂತಳು. ಕೈಯಲ್ಲಿ ಮೊಬೈಲು ಇರಲಿಲ್ಲ.

‘ಅಮ್ಮ ಇಲ್ಲ’ ಎಂದಳು ಕನ್ನಡದಲ್ಲೇ. ಆಮೇಲೆ ನನ್ನ ಕಡೆ ತಿರುಗಿ ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಸಕ್ಕರೆ ಕಾಯಿಲೆಗೆ ಔಷಧಿ ಸಿಗದೆ ಹೋದದ್ದಂತೆ. ಹೋದದ್ದು ಕ್ರಿಸ್‌ಮಸ್ಸಿಗೆ ಎಷ್ಟೋ ಮುಂಚೆ. ಇವಳು ಹೊಸ ಬಟ್ಟೆ ಹಾಕಿಕೊಂಡು ಹುಲ್ಲು ಹಾಸಿದಾಗ, ಇವಳು ಎಳ್ಳು ಬೆಲ್ಲ ತಿಂದು ನಕ್ಕಾಗ, ಎಲ್ಲ ದಿನವೂ ಆ ತಾಯಿ ಇರಲೇ ಇಲ್ಲ. ದೊಡ್ಡಮ್ಮನಿಗೆ ಇದನ್ನು ಹೇಳಬೇಕೋ ಬೇಡವೋ ಎಂದು ನಾನು ತಡವರಿಸಿದೆ. ಹೇಳಿದೆ.

ಸಂಜೆಗೆ ಗೆಳೆಯರೆಲ್ಲ ಬಂದರು, ಈ ಸಲ ಕಪ್ಪು ಬಟ್ಟೆಯಲ್ಲಿ. ಬೀದಿಯವರೂ ಸೇರಿದರು. ಜಗಲಿಯ ಮೇಲೆ ಅಲ್ಮಾಜ್‌ಳ ಪಕ್ಕ ದೊಡ್ಡಮ್ಮ ಕೂತಿದ್ದಳು. ಎಲ್ಲರೂ ಅವಳ ಬಾಯನ್ನೇ ನೋಡಿದರು. ‘ಏನ್ ಪಿಳ್ಳಮ್ಮಕ್ಕ, ಸುಮ್ನೆ ಕೂತೆ? ಬಾಯ್ ಬಿಡು’ ಎಂದು ಒಬ್ಬಳು ಪಿಸುಗುಟ್ಟಿದಳು. ದೊಡ್ಡಮ್ಮ ಬಾಯಿ ತೆರೆದಳು. ಒಂದು ಸ್ವರವೂ ಬರಲಿಲ್ಲ. ಮತ್ತೊಮ್ಮೆ ತೆರೆದಳು. ಆಮೇಲೆ ಸೆರಗಿನ ತುದಿ ಬಾಯಿಗಿಟ್ಟುಕೊಂಡು, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ನೆಲ ನೋಡುತ್ತ ಕೂತುಬಿಟ್ಟಳು. ಯಾರು ಯಾರಿಗೋ ಧಾರಾಳವಾಗಿ ಅತ್ತವಳಿಗೆ ನಿಜವಾಗಿ ಅಳಬೇಕಾದ ದಿನ ಗಂಟಲು ಕೈಕೊಟ್ಟಿತು.

ಅಲ್ಲಿಂದ ಮುಂದೆ ದೊಡ್ಡಮ್ಮ ಸಾವಿನ ಮನೆಗಳಿಗೆ ಹೋಗುವುದನ್ನು ಬಿಡಲಿಲ್ಲ, ಹಾಡಿಕೊಂಡು ಅಳುವುದನ್ನು ಬಿಟ್ಟಳು. ಮೂಲೆಯಲ್ಲಿ ಕೂತು ಎದ್ದು ಬರುತ್ತಿದ್ದಳು. ಜನ ಕಾಲ ಕೆಟ್ಟಿತು, ಪಿಳ್ಳಮ್ಮನಿಗೂ ಸೊಕ್ಕು ಬಂತು ಎಂದರು. ಕಳೆದ ವರ್ಷ ಅವಳೂ ಹೋದಳು, ನಿದ್ದೆಯಲ್ಲೇ, ಯಾರಿಗೂ ತೊಂದರೆ ಕೊಡದೆ. ನಾವೆಲ್ಲ ಅತ್ತೆವು, ಬರೀ ಕಣ್ಣೀರಿನ ಅಳು. ಅವಳು ಹೇಗೆ ಬೈಯುತ್ತಿದ್ದಳು, ಏನು ತಿನ್ನುತ್ತಿದ್ದಳು ಎಂದು ಹಾಡಿ ಹೇಳಲು ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಅವಳನ್ನು ನೆನೆದಾಗ ನನ್ನ ಕಣ್ಣ ಮುಂದೆ ಬರುವುದು ಅಲ್ಮಾಜ್ ಊರಿಗೆ ಹೊರಟ ಬೆಳಿಗ್ಗೆ. ಓದು ಮುಗಿದಿತ್ತು. ಏರ್‌ಪೋರ್ಟಿಗೆ ಹೋಗುವ ಟ್ಯಾಕ್ಸಿ ಗೇಟಿನ ಮುಂದೆ ನಿಂತಿತ್ತು, ಮುನಿರಾಜ ಸಾಮಾನು ಹಾಕಿಸುತ್ತಿದ್ದ. ದೊಡ್ಡಮ್ಮ ಎಲ್ಲೂ ಕಾಣಲಿಲ್ಲ. ಹುಡುಗಿ ತಾನೇ ಒಳಗೆ ಹುಡುಕಿಕೊಂಡು ಹೋದಳು, ನಾನೂ ಹೋದೆ. ಅಡುಗೆಮನೆಯಲ್ಲಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು, ಒಲೆಯ ಮೇಲೆ ಏನೂ ಇರಲಿಲ್ಲ. ಅಲ್ಮಾಜ್ ಅವಳನ್ನು ತಿರುಗಿಸಿ, ತಮ್ಮ ಪದ್ಧತಿಯಂತೆ ಆ ಕೆನ್ನೆ ಈ ಕೆನ್ನೆ ಎಂದು ಮುತ್ತಿಟ್ಟಳು. ‘ಬರ್ತೀನಿ ಅಮ್ಮ’ ಎಂದಳು.

ದೊಡ್ಡಮ್ಮ ಅವಳ ಕೈ ಬಿಡಲಿಲ್ಲ. ನನ್ನನ್ನು ನೋಡಿ ಹೇಳಿದಳು.

‘ಅವರಮ್ಮನ ಎಸ್ರೇನು ಅಂತ ಕೇಳೆ.’

ಹುಡುಗಿ ಅಷ್ಟು ವರ್ಷ ನಮ್ಮ ಜೊತೆಗಿದ್ದಳು. ದಿನವೂ ಫೋನು ಬಂತಾ ಎಂದು ಕೇಳಿದೆವು. ಆ ತಾಯಿಗಾಗಿ ಹಾಡಿ ಅತ್ತೆವು, ನೂರು ವರ್ಷ ಆಯಸ್ಸು ಕೊಟ್ಟೆವು, ದೇವರಿಗೆ ಎಣ್ಣೆ ಹಾಕಿದೆವು. ಹೆಸರು ಕೇಳಿರಲಿಲ್ಲ. ದೊಡ್ಡಮ್ಮನಿಗಾದರೂ ಅದು ಹೊಳೆಯಿತು.

ನಾನು ಕೇಳುವ ಮೊದಲೇ ಅಲ್ಮಾಜ್ ಹೇಳಿದಳು. ‘ಅಬ್ರೆಹೆತ್.’

‘ಅಬ್ರತ್ತು’ ಎಂದಳು ದೊಡ್ಡಮ್ಮ.

ಅಲ್ಮಾಜ್ ತಲೆಯಾಡಿಸಿ ಮತ್ತೆ ನಿಧಾನವಾಗಿ ಹೇಳಿದಳು. ದೊಡ್ಡಮ್ಮ ಮತ್ತೆ ತಪ್ಪಿದಳು. ಅಲ್ಮಾಜ್‌ಳನ್ನು ಅಲಮೇಲು ಮಾಡಿ, ಅದೇ ಹೆಸರಲ್ಲಿ ಕೂಗಿ ದಕ್ಕಿಸಿಕೊಂಡಿದ್ದವಳು ಈ ಹೆಸರನ್ನು ಹಾಗೆ ಬಿಡಲಿಲ್ಲ. ಹೊರಗೆ ಟ್ಯಾಕ್ಸಿಯವನು ಹಾರನ್ ಹೊಡೆಯುತ್ತಿದ್ದ. ಹುಟ್ಟಿದಾಗಿನಿಂದ ಹಕಾರ ಆಡದ ನಾಲಿಗೆ, ಪ್ರತಿ ಸಲವೂ ಅಲ್ಲೇ ಎಡವುತ್ತಿತ್ತು. ಇವಳು ತಪ್ಪುವಳು, ಅವಳು ತಿದ್ದುವಳು. ಮುನಿರಾಜ ಬಾಗಿಲಿಗೆ ಬಂದು ಲೇಟಾಯ್ತು ಎಂದ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

ಕೊನೆಗೆ ಬಂತು. ದೊಡ್ಡಮ್ಮ ಹುಡುಗಿಯ ಕೈ ಬಿಟ್ಟು, ಸೆರಗು ಸರಿಮಾಡಿಕೊಂಡು, ಅವಳ ಹೆಗಲ ಮೇಲಿಂದ ಯಾರನ್ನೋ ನೋಡುವ ಹಾಗೆ ಕೈ ಮುಗಿದಳು.

‘ತಪ್ಪಾಯ್ತು ಅಬ್ರೆಹೆತಮ್ಮ’ ಎಂದಳು. ಆಮೇಲೆ ತಲೆ ತಗ್ಗಿಸಿ, ಆ ಕಡೆಯಿಂದ ಮಾತು ಬರುವವರೆಗೆ ಎತ್ತುವುದಿಲ್ಲವೆನ್ನುವಂತೆ ಹಾಗೇ ನಿಂತಳು.